ಕೊನೆಯ ರೀಲು ನೋಡಿದವಳು

ಅದು ಆನಂದ ಸಂವತ್ಸರದ ಮಾಘ ಮಾಸ, ಇಸವಿ ೧೯೭೫. ಬೆಳಗಿನ ಪೂಜೆ ಮುಗಿಸಿ ಜಗಲಿಯ ಮೇಲೆ ದರ್ಭೆ ಒಣಗಲು ಹಾಕುತ್ತಿದ್ದೆ. ಮಳವಳ್ಳಿಯಿಂದ ಬರುವ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ನಿಂತಿತು. ಮದ್ದೂರಿನಲ್ಲಿ ಆ ಬಸ್ಸು ನಿಲ್ದಾಣ ಬಿಟ್ಟು ಬೇರೆಲ್ಲೂ ನಿಂತದ್ದನ್ನು ನಾನು ಕಂಡವನಲ್ಲ. ಕಂಡಕ್ಟರ್ ಕೆಂಪಸಿದ್ದಯ್ಯ ಇಳಿದು ನೆಟ್ಟಗೆ ನಮ್ಮ ಮನೆಯ ಕಡೆಗೇ ನಡೆದುಬಂದ.

"ಅಯ್ನೋರೆ, ಮನೆಗೆ ಬೀಗ ಆಕಿ. ನಾನು ಬಸ್ಸು ತಿರುಗಿಸ್ಕೊಂಡ್ ಬತ್ತೀನಿ. ಮಳವಳ್ಳಿಗೆ ಓಗ್ಬೇಕು," ಎಂದ.

"ಯಾಕಪ್ಪ?" ಎಂದೆ.

ಅವನು ತಲೆಯ ಮೇಲಿನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಅಮ್ಮೋರು..." ಎಂದ.

ನನ್ನ ಹೆಂಡತಿ ರಂಗನಾಯಕಿ ಮೂರು ದಿನದ ಹಿಂದೆ ಅದೇ ಬಸ್ಸು ಹತ್ತಿ ಮಳವಳ್ಳಿಗೆ, ತನ್ನ ತಮ್ಮ ಕಸ್ತೂರಿರಂಗನ ಮನೆಗೆ ಹೋಗಿದ್ದಳು. ಅವನ ಮೊಮ್ಮಗುವಿನ ನಾಮಕರಣ. ಆ ದಿನ ಬೆಳಗಿನ ಜಾವ ಎದ್ದು ನೀರು ಕುಡಿದು ಮತ್ತೆ ಮಲಗಿದವಳು ಏಳಲಿಲ್ಲವಂತೆ. ನನಗೆ ಅರವತ್ತಾರು, ಅವಳಿಗೆ ಐವತ್ತೆಂಟು. ಎಂದಾದರೂ ನಾನೇ ಮುಂದೆ ಹೋಗುವವನು ಎಂಬುದನ್ನು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದೆವು. ಆ ದಿನ ಬಸ್ಸಿನಲ್ಲಿ ಒಬ್ಬರೂ ಬೀಡಿ ಹಚ್ಚಲಿಲ್ಲ. ಕೆಂಪಸಿದ್ದಯ್ಯ ನನ್ನ ಬಳಿ ಟಿಕೆಟ್ಟು ಹರಿಯಲಿಲ್ಲ.

ಸಂಸ್ಕಾರ ಮಳವಳ್ಳಿಯಲ್ಲಾಯಿತು. ಉಳಿದ ಕರ್ಮಗಳನ್ನು ಮದ್ದೂರಿನಲ್ಲಿ ಶಿಂಷಾ ಹೊಳೆಯ ದಡದಲ್ಲಿ ಮಾಡಿದೆ. ಬೇರೆಯವರಿಗೆ ಸಾವಿರ ಸಲ ಹೇಳಿಕೊಟ್ಟ ಮಂತ್ರ ನನ್ನ ಬಾಯಲ್ಲೇ ಎರಡು ಕಡೆ ತಪ್ಪಿತು. ಹದಿಮೂರನೆಯ ದಿನದ ಸಮಾರಾಧನೆ ಮುಗಿದು ಮಗಳು ಮೈಸೂರಿಗೆ ಹಿಂತಿರುಗಿದಳು. ಮಾರನೆಯ ದಿನ ಬೆಳಗ್ಗೆ ಹೊಂಬಾಳಮ್ಮ ಹಾಲು ತಂದಳು.

ಹೊಂಬಾಳಮ್ಮ ಒಕ್ಕಲು ಮನೆಯ ಹೆಂಗಸು. ಹೊಳೆಯ ಕಡೆ ಅವಳಿಗೆ ಎರಡು ಎಕರೆ ಕಬ್ಬು, ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ. ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಅವಳದೇ ಹಾಲು. ಅವಳು ಪಾತ್ರೆಗೆ ಹಾಲು ಹುಯ್ದ ಮೇಲೂ ಹೋಗಲಿಲ್ಲ. ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕುಳಿತಳು.

"ಅಯ್ನೋರೆ, ಒಂದ್ ಮಾತ್ ಕೇಳ್ತೀನಿ. ಕ್ವಾಪ ಮಾಡ್ಕಬ್ಯಾಡಿ."

"ಕೇಳಮ್ಮ."

"ಅಮ್ಮೋರು ನಂಗೊಂದ್ ಇಸ್ಯ ಏಳ್ತೀನಿ ಅಂದಿದ್ರು. ಇನ್ನೊಂದ್ ದಿನ ಏಳ್ತೀನಿ ಅಂದೋರು ಓಗೇಬುಟ್ರು. ನಿಮ್ತಾವ ಏನಾರ ಅಂದಿದ್ರಾ?"

"ಯಾವ ವಿಷಯ?"

"ಅದೇ, ದೋಣಿಗಾರನ್ ತಂಗಿ ಯಾಕೆ ತಿರುಗ್ ನೋಡ್ನಿಲ್ಲ ಅಂತ."

ಹೊಳೆಯ ಕಡೆ ಯಾರದೋ ಮನೆಯ ಜಗಳವೆಂದುಕೊಂಡೆ. "ನಮ್ಮ ಹೊಳೆಯಲ್ಲಿ ದೋಣಿ ಎಲ್ಲಿದೆ? ಯಾರ ತಂಗಿ?" ಎಂದು ಕೇಳಿದೆ.

ಹೊಂಬಾಳಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಸಿವನೆ! ನಿಮ್ಗೆ ಗೊತ್ತೇ ಇಲ್ವಾ? ಪಿಚ್ಚರು ಕನ್ರಪ್ಪ. ಬೋರಯ್ಯನ್ ಟೆಂಟ್ನಲ್ಲಿ. ಅಮ್ಮೋರೂ ನಾವೂ ಒಟ್ಗೇ ಓಯ್ತಿದ್ದೋ."

"ಎಷ್ಟು ದಿನದಿಂದ?"

"ದಿನ ಅಂತೀರಲ್ಲ! ಟೆಂಟು ಬಂದಾಗಿಂದ. ಒಂಬತ್ ವರ್ಸ ಆಯ್ತು."

ಟೆಂಟು ನಮ್ಮ ಮನೆಯಿಂದ ಎರಡು ಫರ್ಲಾಂಗು. ಪ್ರತಿದಿನ ಸಂಜೆ ನಾನು ನರಸಿಂಹಸ್ವಾಮಿಯ ಗುಡಿಗೆ ಪುರಾಣ ಓದಲು ಹೋಗಿ ಒಂಬತ್ತೂವರೆಗೆ ಬರುತ್ತಿದ್ದೆ. ಬಂದಾಗ ಎಲೆ ಹಾಕಿರುತ್ತಿತ್ತು, ಅನ್ನ ಬಿಸಿಯಾಗಿರುತ್ತಿತ್ತು. ಸಂಜೆ ಏನು ಮಾಡಿದೆ ಎಂದು ನಾನು ಅವಳನ್ನು ಕೇಳಲಿಲ್ಲ. ಆದ್ದರಿಂದ ಅವಳು ನನಗೆ ಸುಳ್ಳು ಹೇಳಿದ್ದಳೆಂದು ಹೇಳುವಂತಿಲ್ಲ.

ಅದಕ್ಕಿಂತ ನನ್ನನ್ನು ಕಲಕಿದ್ದು ಇನ್ನೊಂದು. ಟೆಂಟಿನ ಯಜಮಾನ ಬೋರಯ್ಯ ಚಿತ್ರದ ರೀಲಿನ ಪೆಟ್ಟಿಗೆ ಬಂದಾಗಲೆಲ್ಲ ಪೂಜೆಗೆ ನನ್ನನ್ನೇ ಕರೆಯುತ್ತಿದ್ದ. ಮಂಡ್ಯದಿಂದ ಬಸ್ಸಿನ ಮೇಲೆ ಬಂದ ಆ ತಗಡಿನ ಪೆಟ್ಟಿಗೆಯನ್ನು ಪರದೆಯ ಮುಂದೆ ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಹೂವೇರಿಸಿ, ಕಾಯಿ ಒಡೆದು ನಾನು ಮಂಗಳಾರತಿ ಎತ್ತಿದ ಮೇಲೆಯೇ ಅವನು ಅದರ ಬೀಗ ತೆಗೆಯುತ್ತಿದ್ದದ್ದು. ಆರತಿ ಎತ್ತಿ, ದಕ್ಷಿಣೆ ತೆಗೆದುಕೊಂಡು ನಾನು ಗುಡಿಗೆ ಹೋಗುತ್ತಿದ್ದೆ. ಒಂದು ದಿನವೂ ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಿದವನಲ್ಲ.

ಟೆಂಟು ಮೊದಲು ಬಂದ ವರ್ಷ ಮನೆಯಲ್ಲಿ ಒಂದು ಮಾತು ಆಡಿದ್ದೆ. "ಬೆಳಕಿನ ಬೊಂಬೆಗಳಿಗೆ ಅಳುವವರು ಮನೆಯವರಿಗೆ ಅಳುವುದನ್ನು ಮರೆಯುತ್ತಾರೆ," ಎಂದು. ರಂಗನಾಯಕಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಏನದು ಕಥೆ?" ಎಂದು ಹೊಂಬಾಳಮ್ಮನನ್ನು ಕೇಳಿದೆ.

ಅವಳು ಹೇಳಿದಳು. ದೋಣಿ ನಡೆಸುವ ಅಣ್ಣ, ಅವನೇ ಸಾಕಿ ಬೆಳೆಸಿದ ತಂಗಿ. ಹೊಳೆಯ ಆಚೆ ದಡದಲ್ಲಿ ಅವಳಿಗೆ ಮದುವೆ. ಆಮೇಲೆ ಭಾವನೊಡನೆ ಜಗಳ. ಇನ್ನು ಆಚೆ ದಡಕ್ಕೆ ದೋಣಿ ಹಾಕುವುದಿಲ್ಲವೆಂದು ಅಣ್ಣನ ಆಣೆ. ವರ್ಷಗಳಾದ ಮೇಲೆ ತಂಗಿ ಬೇರೆಯವರ ದೋಣಿ ಹತ್ತಿ ಅಣ್ಣನ ಮನೆಗೆ ಬರುತ್ತಾಳೆ. ಅವನು ಬಾಗಿಲು ತೆರೆಯುವುದಿಲ್ಲ. ಅವಳು ಹಿಂತಿರುಗಿ ದೋಣಿ ಹತ್ತುತ್ತಾಳೆ. ಅಷ್ಟರಲ್ಲಿ ಅಣ್ಣನ ಮನಸ್ಸು ತಡೆಯದೆ ದಡಕ್ಕೆ ಓಡಿ ಬರುತ್ತಾನೆ. ದೋಣಿ ಹೋಗುತ್ತಿದೆ. ಅವಳು ತಿರುಗಿ ನೋಡುವುದಿಲ್ಲ.

"ನಾನು ಅಂದೆ, ಅವ್ಳಿಗೆ ಕ್ವಾಪ, ಅದ್ಕೇ ನೋಡ್ನಿಲ್ಲ ಅಂತ. ನಮ್ ಜೊತೇಲ್ ಬರೋ ಮುದ್ದಮ್ಮ ಅಂದ್ಲು, ಅವ ಬಂದದ್ದು ಅವ್ಳಿಗೆ ಗೊತ್ತೇ ಇಲ್ಲ ಅಂತ. ಅಮ್ಮೋರು ನಗಾಡ್ಕಂಡು, ಇಬ್ರೂ ಸರ್ಯಾಗಿ ನೋಡಿಲ್ಲ, ಪೆಟ್ಗೆ ಇನ್ನೊಂದ್ ಸಲ ಬರ್ಲಿ, ಎಲ್ಲಿ ನೋಡ್ಬೇಕು ಅಂತ ಏಳ್ತೀನಿ ಅಂದ್ರು. ಈ ಸುಕ್ರವಾರ ಪೆಟ್ಗೆ ಬತ್ತಾ ಅದೆ. ಅಮ್ಮೋರಿಲ್ಲ."

ಹೆಂಡತಿ ಸತ್ತ ವರ್ಷ ಪುರೋಹಿತನಾದವನು ಮಂಗಳಕಾರ್ಯ ಮಾಡಿಸುವುದಿಲ್ಲ. ನಾಟಕ ಸಿನಿಮಾಗಳನ್ನು ನೋಡುವುದಂತೂ ಇಲ್ಲವೇ ಇಲ್ಲ. ಇದನ್ನು ಇಡೀ ಮದ್ದೂರಿಗೆ ಹೇಳಿಕೊಟ್ಟವನು ನಾನೇ. ಆದರೂ ಎರಡು ದಿನ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಮೂವತ್ತೊಂಬತ್ತು ವರ್ಷ ನನ್ನೊಡನೆ ಇದ್ದವಳು ನನಗೆ ಕಾಣದ ಒಂದು ಕಡೆ ಏನನ್ನೋ ಕಂಡಿದ್ದಾಳೆ. ಅದು ಏನು? ಎಲ್ಲಿ ನೋಡಬೇಕೆಂದು ಹೇಳುತ್ತಿದ್ದಳು?

ಶುಕ್ರವಾರ ಸಂಜೆ ಗುಡಿಗೆ ಹೋಗಲಿಲ್ಲ. ಟೆಂಟಿಗೆ ಹೋದೆ.

ಬೋರಯ್ಯ ಬಾಗಿಲಲ್ಲೇ ನಿಂತಿದ್ದ. ಯಜಮಾನನೂ ಅವನೇ, ಮಿಷನ್ನು ನಡೆಸುವವನೂ ಅವನೇ. ನನ್ನನ್ನು ಕಂಡು ಗಾಬರಿಯಾದ. "ಪೂಜೆಗೆ ಬೇರೆಯೋರ್ನ ಕರೆಸಿವ್ನಿ ಅಯ್ನೋರೆ. ಸೂತಕದ್ ವರ್ಸ, ನಿಮ್ಗ್ಯಾಕ್ ತೊಂದ್ರೆ ಅಂತ..."

"ಪೂಜೆಗೆ ಬರಲಿಲ್ಲ. ನೋಡೋದಕ್ಕೆ ಬಂದೆ."

ಅವನು ಒಂದು ಕುರ್ಚಿ ತಂದು ಗಂಡಸರ ಕಡೆ ಹಾಕಿದ. "ಸರಿಯಾದ್ ಒತ್ಗೆ ಬಂದ್ರಿ. ಇದು ಇದರ ಕೊನೇ ಸುತ್ತು. ಇಲ್ಲಿ ಎರಡ್ ದಿನ, ಬಾನ್ವಾರ ಮಳವಳ್ಳೀಲಿ ಒಂದಿನ. ಆಮೇಲೆ ಗುಜರಿಗೆ. ಕರಗಿಸಿ ಬೆಳ್ಳಿ ತೆಗೀತಾರಂತೆ, ಉಳುದದ್ರಲ್ಲಿ ಬಳೆ ಮಾಡ್ತಾರಂತೆ. ಬೇರೆ ಕಾಪಿ ಇಲ್ವಂತೆ."

ಹಾಗಾದರೆ ನನಗಿದ್ದದ್ದು ಮೂರೇ ಮೂರು ಸಂಜೆ.

ಮೊದಲನೆಯದನ್ನು ನಾನು ಹಾಳುಮಾಡಿಕೊಂಡೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ತಂಗಿಯ ಮದುವೆ ಬಂತು. ಪರದೆಯ ಮೇಲಿನ ಪುರೋಹಿತ ಮಾಂಗಲ್ಯಧಾರಣೆಯ ಹೊತ್ತಿಗೆ ಉಪನಯನದ ಮಂತ್ರ ಹೇಳುತ್ತಿದ್ದ! ಹುಡುಗಿಯನ್ನು ಕೂರಿಸಿದ್ದೂ ತಪ್ಪು ಪಕ್ಕದಲ್ಲಿ. ಅಲ್ಲಿಂದ ನನ್ನ ಕಣ್ಣು ಬೇರೆ ಏನನ್ನೂ ನೋಡಲಿಲ್ಲ. ಮುಂದೆ ಇನ್ನೇನು ತಪ್ಪು ಮಾಡುತ್ತಾರೆ ಎಂದೇ ಕಾಯುತ್ತಿದ್ದೆ. ಬೋರಯ್ಯನ ಹತ್ತಿರ ಇದ್ದದ್ದು ಒಂದೇ ಮಿಷನ್ನು. ಒಂದಿಷ್ಟು ರೀಲು ಓಡಿದ ಮೇಲೆ ನಿಲ್ಲಿಸಿ, ದೀಪ ಹಾಕಿ, ಮುಂದಿನದನ್ನು ಏರಿಸಬೇಕು. ಹೀಗೆ ಒಂದು ಆಟಕ್ಕೆ ನಾಲ್ಕು ಸಲ ಬಿಡುವು. ದೀಪ ಬಂದ ಕೂಡಲೇ ಪಕ್ಕದಲ್ಲಿದ್ದ ರೈತನಿಗೆ ಆ ಮಂತ್ರದ ಸಂಗತಿಯನ್ನು ವಿವರವಾಗಿ ಹೇಳಿದೆ.

ಅವನು ಕಡಲೆಕಾಯಿ ಸುಲಿಯುತ್ತಾ ಕೇಳಿಸಿಕೊಂಡ. "ಮಂತ್ರ ಯಾವ್ದಾರ ಆಗ್ಲಿ ಬುಡಿ ಸ್ವಾಮಿ. ಎಣ್ಣಿನ್ ಅಣ್ಣ ಎಲ್ ನಿಂತಿದ್ದ ನೋಡುದ್ರಾ?"

"ಎಲ್ಲಿ?"

"ಚಪ್ಪರದಾಚೆ. ಒಳೀಕೇ ಬರ್ನಿಲ್ಲ. ಕಂಬ ಇಡ್ಕಂಡು ನಿಂತಿದ್ದ."

ನಾನು ನೋಡಿರಲಿಲ್ಲ.

ಕೊನೆಯ ಭಾಗ ಬಂತು. ತಂಗಿ ಬಾಗಿಲು ಬಡಿದಳು, ಅವನು ತೆರೆಯಲಿಲ್ಲ, ಅವಳು ದೋಣಿ ಹತ್ತಿದಳು. ಅಷ್ಟರಲ್ಲಿ ನನ್ನ ಮುಂದಿದ್ದ ಜನವೆಲ್ಲ ಎದ್ದು ನಿಂತರು. ಕಂಬಳಿ ಕೊಡವುವವರು, ಚಪ್ಪಲಿ ಹುಡುಕುವವರು, ಮಲಗಿದ ಮಕ್ಕಳನ್ನು ಎಬ್ಬಿಸುವವರು. ನಾನು ಕಂಡದ್ದು ಬೆನ್ನುಗಳನ್ನು ಮಾತ್ರ.

ಬೆಳಗ್ಗೆ ಹೊಂಬಾಳಮ್ಮ ಹಾಲಿನ ತಂಬಿಗೆ ಕೆಳಗಿಡುವ ಮುಂಚೆಯೇ ಕೇಳಿದಳು: "ಗೊತ್ತಾಯ್ತಾ ಅಯ್ನೋರೆ?"

"ಗೊತ್ತಾಗದೆ ಏನು? ಮದುವೆಯಾದ ಹೆಣ್ಣಿಗೆ ಗಂಡನ ಮನೆಯೇ ಮನೆ. ತವರಿನ ಮೋಹ ಬಿಟ್ಟಳು, ಆದ್ದರಿಂದ ತಿರುಗಿ ನೋಡಲಿಲ್ಲ. ಅದು ಸ್ತ್ರೀಧರ್ಮ."

ಅವಳು ತಲೆ ಅಲ್ಲಾಡಿಸಿದಳು. "ಇಲ್ಲ ಬುಡಿ. ಅಮ್ಮೋರು ಅಂಗ್ ಏಳ್ತಿರ್ನಿಲ್ಲ."

"ಮತ್ತೆ ಹೇಗೆ ಹೇಳುತ್ತಿದ್ದಳು?"

"ಅವ್ರು ಏಳ್ತಾನೇ ಇರ್ನಿಲ್ಲ. ಕೇಳೋರು. ದೀಪ ಬತ್ತಿದ್ದಂಗೇ ಸುರು. ಒಂಬಾಳೀ, ಅವ್ನ ಮನೇಲಿ ತಟ್ಟೆ ಎಷ್ಟಿದ್ವು? ಮುದ್ದಮ್ಮ, ಆ ದೀಪ ಆರುಸ್ದೋರು ಯಾರು? ನಮ್ಗೆ ಗೊತ್ತಿರ್ನಿಲ್ಲ. ಆಮೇಲ್ ಆಮೇಲೆ ನಾವೂ ನೋಡಕ್ಕೆ ಕಲ್ತೋ."

"ಮೊದಲಿಂದಲೂ ನಿಮಗೆ ಇಂಥ ಹಳೇ ಚಿತ್ರವೇ ಇಷ್ಟವಾ?"

ಹೊಂಬಾಳಮ್ಮ ಜೋರಾಗಿ ನಕ್ಕಳು. "ಎಲ್ಲಿ ಬಂತು! ನಮ್ಗೆ ಬಡದಾಟ ಬೇಕು, ಕುದ್ರೆ ಬೇಕು, ಕುಣಿತ ಬೇಕು. ಒಸ ಪಿಚ್ಚರೆಲ್ಲ ಮಂಡ್ಯದ್ ಟಾಕೀಸಿಗೆ ಓಯ್ತವೆ, ನಮ್ ಟೆಂಟ್ಗೆ ಅಳೇವೇ ಗತಿ. ಮೊದ್ ಮೊದ್ಲು ಬೋರಯ್ಯನ್ನ ಉಗುದ್ ಉಪ್ಪಾಕ್ತಿದ್ದೋ. ಒಂದ್ಸಲ ನಾನು ಎದ್ದೇ ಒಂಟಿದ್ದೆ, ಇದೇನ್ಲಾ ಬರೀ ಕೂತ್ಕಂಡ್ ಮಾತಾಡ್ತವೆ ಅಂತ. ಅಮ್ಮೋರು ಸೆರಗ್ ಇಡುದು ಎಳುದ್ರು. ಕೂತ್ಕಳೆ, ಅವಳ ಕೈ ನೋಡು, ಬಾಯಲ್ಲಿ ಓಗು ಅಂತವ್ಳೆ, ಕೈ ಬಾಗ್ಲು ಬುಡ್ತಾ ಇಲ್ಲ ಅಂದ್ರು. ನೋಡುದ್ರೆ ದಿಟವೇ! ಅವತ್ತಿಂದ ನಂಗೆ ಬಡದಾಟದ್ ಪಿಚ್ಚರು ಸಪ್ಪೆ ಆಗೋಯ್ತು."

ನನ್ನ ಹೆಂಡತಿ ನನ್ನ ಮುಂದೆ ಹಾಗೆ ಯಾರದೂ ಸೆರಗು ಹಿಡಿದು ಎಳೆದವಳಲ್ಲ. ನಾನು ಮಾತಾಡುತ್ತಿದ್ದೆ, ಅವಳು ಕೇಳುತ್ತಿದ್ದಳು. ನಮ್ಮ ಮನೆಯ ರೂಢಿ ಅದು. ಕೇಳುವ ಪ್ರಶ್ನೆಗಳೆಲ್ಲವನ್ನೂ ಅವಳು ಟೆಂಟಿಗೆ ಒಯ್ಯುತ್ತಿದ್ದಳೋ ಏನೋ.

ಶನಿವಾರ ನಾನು ಕುರ್ಚಿ ಬೇಡವೆಂದೆ. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಒಂದು ಹಗ್ಗ ಕಟ್ಟಿರುತ್ತಿತ್ತು. ಅದರ ಪಕ್ಕದಲ್ಲಿ ಚಾಪೆ ಹಾಕಿಕೊಂಡು ನೆಲದ ಮೇಲೆ ಕುಳಿತೆ. ಆಚೆ ಹೊಂಬಾಳಮ್ಮ, ಮುದ್ದಮ್ಮ.

ಈ ಸಲ ಮಂತ್ರಗಳಿಗೆ ಕಿವಿ ಕೊಡಲಿಲ್ಲ. ಕಣ್ಣಿಗೇ ಕೆಲಸ ಕೊಟ್ಟೆ. ಮೊದಲಲ್ಲೇ, ತಂಗಿ ನಾಲ್ಕೈದು ವರ್ಷದ ಮಗುವಾಗಿ ದೋಣಿಯಲ್ಲಿ ಕುಳಿತಿದ್ದಾಳೆ. ಕೈ ನೀರಿಗೆ ಬಿಟ್ಟು ಬೆರಳಿನಿಂದ ಗೆರೆ ಎಳೆಯುತ್ತಾಳೆ. ಅಣ್ಣ ಹುಟ್ಟು ಹಾಕುತ್ತಲೇ, "ಕೈ ತೆಗಿ, ಮೊಸಳೆ ಇದೆ!" ಎಂದು ಗದರುತ್ತಾನೆ. ಅವಳು ತೆಗೆಯುತ್ತಾಳೆ, ಅವನು ಆ ಕಡೆ ತಿರುಗಿದೊಡನೆ ಮತ್ತೆ ಬಿಡುತ್ತಾಳೆ. ನನಗೆ ನಗು ಬಂತು. ನಿನ್ನೆಯೂ ಇದು ಇದ್ದಿರಬೇಕು, ನಾನು ಕಂಡಿರಲಿಲ್ಲ.

ಮದುವೆಯಲ್ಲಿ ಅಣ್ಣ ಕಂಬ ಹಿಡಿದು ನಿಂತದ್ದು ಕಂಡಿತು. ಅವನು ಕಂಬ ಹಿಡಿದಿದ್ದ ರೀತಿ ಹುಟ್ಟುಗೋಲು ಹಿಡಿದ ಹಾಗೆಯೇ ಇತ್ತು. ಅವನ ಮನೆಯಲ್ಲಿ ತಟ್ಟೆ ಎರಡಿದ್ದವು; ತಂಗಿ ಹೋದ ಮೇಲೂ ಎರಡನ್ನೂ ತೊಳೆದು ಒರಗಿಸುತ್ತಿದ್ದ. ದೀಪ ಬಂದಾಗ ಮುದ್ದಮ್ಮ ಹಗ್ಗದಾಚೆಯಿಂದ ಕೇಳಿದಳು: "ಅಯ್ನೋರೆ, ಜಗಳ ಆಡ್ಬೇಕಾದ್ರೆ ಅವ ಭಾವುನ್ ಮೊಕ ನೋಡುದ್ನಾ?"

ನಾನು ಯೋಚಿಸಿ, "ಇಲ್ಲ, ತಂಗಿಯ ಕಾಲು ನೋಡುತ್ತಿದ್ದ," ಎಂದೆ.

"ಅಂಗ್ ಬನ್ನಿ ದಾರೀಗೆ!" ಎಂದಳು ಹೊಂಬಾಳಮ್ಮ.

ಇದನ್ನು ಬರೆಯುವ ಹೊತ್ತಿಗೆ ಮೂರು ವರ್ಷ ಕಳೆದಿದೆ. ಈ ನಡುವೆ ಬೋರಯ್ಯನ ಟೆಂಟಿನಲ್ಲಿ ಎಷ್ಟೋ ಹಳೆಯ ಚಿತ್ರಗಳನ್ನು ನೋಡಿದ್ದೇನೆ. ಹಳೆಯದೆಲ್ಲ ಒಳ್ಳೆಯದಲ್ಲ, ನಿದ್ದೆ ಬರಿಸಿದವೂ ಇವೆ. ಒಮ್ಮೆ ಮಂಡ್ಯಕ್ಕೆ ಹೋದಾಗ ಎರಡು ಮಿಷನ್ನಿನ ಟಾಕೀಸಿನಲ್ಲೂ ಕುಳಿತು ನೋಡಿದೆ. ಅಲ್ಲಿ ಬಿಡುವಿಲ್ಲದೆ ಓಡುತ್ತದೆ, ಪಕ್ಕದವರನ್ನು ಏನನ್ನೂ ಕೇಳುವ ಹಾಗಿಲ್ಲ. ರುಚಿ ಎಂಬುದು ಒಬ್ಬನೇ ಕುಳಿತು ಬರುವಂಥದ್ದಲ್ಲವೆಂದು ನನಗೆ ಕಾಣುತ್ತದೆ. ಊಟದ ಪಂಕ್ತಿಯಲ್ಲಿ ಪಕ್ಕದವರು, "ಇದನ್ನು ಸಾರಿನ ಜೊತೆ ಕಲಸಿ ನೋಡಿ," ಎಂದ ಮೇಲೆ ತಾನೆ ಕೆಲವು ಪಲ್ಯದ ರುಚಿ ತಿಳಿಯುವುದು?

ಆ ಶನಿವಾರ ಕೊನೆಗೆ ಮತ್ತೆ ಜನ ಎದ್ದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ!" ಎಂದು ಕೂಗಿದೆ. ಯಾರೂ ಕೇಳಲಿಲ್ಲ. ಹೊಂಬಾಳಮ್ಮ, ಮುದ್ದಮ್ಮ ಕೂಡ ಎದ್ದಿದ್ದರು. ಬೋರಯ್ಯ ಮಿಷನ್ನು ನಿಲ್ಲಿಸಿ ದೀಪ ಹಾಕಿಬಿಟ್ಟ. ನಾನು ಅವನ ಬಳಿಗೆ ಓಡಿದೆ.

"ಮುಗಿಯಿತೇ? ಶುಭಂ ಎಂದು ಬರಲೇ ಇಲ್ಲ?"

"ಇನ್ನೂ ಒಂದೆರಡ್ ನಿಮಿಸದ್ದು ಅದೆ. ಬೆಸಗರಹಳ್ಳಿ ಕಡೆ ಕೊನೇ ಬಸ್ಸು ಒಂಬತ್ಗೆ. ದೋಣಿ ಒಂಟ್ಮೇಲೆ ಇನ್ನೇನಿದ್ದದು ಅಂತ ಜನ ಎದ್ಬುಡ್ತಾರೆ. ಯಾರೂ ನೋಡ್ದೇ ಇದ್ದಾಗ ಯಾಕ್ ಓಡುಸ್ಲಿ ಅಂತ ನಾನೂ ನಿಲ್ಲುಸ್ಬುಡ್ತೀನಿ."

ನನಗೆ ಆಗ ಅರ್ಥವಾಯಿತು. ಹೊಂಬಾಳಮ್ಮ ಕೋಪವೆಂದಳು, ಮುದ್ದಮ್ಮ ಗೊತ್ತಿಲ್ಲವೆಂದಳು, ನಾನು ಸ್ತ್ರೀಧರ್ಮವೆಂದೆ. ಮೂವರೂ ನೋಡದೇ ಇದ್ದ ಕೊನೆಗೆ ಅರ್ಥ ಹೇಳುತ್ತಿದ್ದೆವು.

"ರಂಗನಾಯಕಿ ನೋಡಿದ್ದಳೇ?"

ಬೋರಯ್ಯ ರೀಲಿನ ಮೇಲೆ ಕೈ ಇಟ್ಟುಕೊಂಡ. "ಅವ್ರೊಬ್ರೇ. ದೀಪಾವಳಿ ಆದ್ಮೇಲೆ ಪೆಟ್ಗೆ ಬಂದಿತ್ತಲ್ಲ, ಆವಾಗ. ಎಲ್ರೂ ಓದ್ಮೇಲೆ ಬಂದು, ಬೋರಯ್ಯ, ಮುಗಿಯೋ ತನಕ ಬಿಡಪ್ಪ ಅಂದ್ರು. ಬುಟ್ಟೆ. ನಿಂತ್ಕಂಡೇ ನೋಡುದ್ರು. ಆಮೇಲೆ, ಇದನ್ನ ನಮ್ಮನೆಯವರಿಗೂ ತೋರಿಸಬೇಕು, ಕೇಳಿ ಕರೆದುಕೊಂಡು ಬರ್ತೀನಿ ಅಂದ್ರು. ಬರ್ನಿಲ್ಲ. ನೀವು ಬ್ಯಾಡ ಅಂದ್ರೇನೋ ಅಂದ್ಕಂಡೆ."

"ಅವಳು ನನ್ನನ್ನು ಕೇಳಲೇ ಇಲ್ಲ, ಬೋರಯ್ಯ."

ದೀಪಾವಳಿಯಿಂದ ಮಾಘದವರೆಗೆ ಮೂರು ತಿಂಗಳು. ಎಷ್ಟು ಸಲ ಅವಳು ಬಡಿಸುತ್ತಾ ಬಾಯಿ ತೆರೆದು ಮತ್ತೆ ಮುಚ್ಚಿದ್ದಳು? ನಾನು ತಲೆ ತಗ್ಗಿಸಿ ಉಣ್ಣುವವನು, ನೋಡಿರಲಿಲ್ಲ.

"ಈಗ ಓಡಿಸು," ಎಂದೆ. ಬೋರಯ್ಯ ಮಿಷನ್ನಿಗೆ ಕೈ ಹಾಕಿದ. ಅಷ್ಟರಲ್ಲಿ ಕರೆಂಟು ಹೋಯಿತು. ಆ ವರ್ಷ ಕರೆಂಟಿಗೆ ಅಭಾವ. ಮದ್ದೂರಿಗೆ ಒಂಬತ್ತರವರೆಗೆ ಮಾತ್ರ ಬಿಡುತ್ತಿದ್ದರು.

ಕತ್ತಲಲ್ಲೇ ಬೋರಯ್ಯ ಹೇಳಿದ: "ನಾಳೆ ಮಳವಳ್ಳಿಗೆ ಬನ್ನಿ. ಅಲ್ಲೂ ಮಿಷನ್ ಓಡ್ಸೋನು ನಾನೇ. ಆದ್ರೆ ಒಂದ್ ಮಾತು. ಕೊನೇ ರೀಲಿನ ಬಾಲ ಪೂರಾ ಅರುದೋಗದೆ. ಒಂದ್ ಸಲ ಓಡ್ತದೆ, ಎರಡ್ನೇ ಸಲಕ್ಕೆ ಕಿತ್ತೋಯ್ತದೆ. ಆಟದಲ್ಲೇ ನೋಡ್ಬೇಕು. ಜನ ಎದ್ದು ಅಡ್ಡ ನಿಂತ್ರೆ ನಾನೇನೂ ಮಾಡಕಾಗಕಿಲ್ಲ."

ಮಳವಳ್ಳಿಗೆ ಹೋಗುವುದು ನನಗ್ಯಾಕೋ ಬೇಡವಾಗಿತ್ತು. ಅಲ್ಲಿ ಕಸ್ತೂರಿರಂಗನ ಮನೆ, ಆ ನಡುಮನೆ, ಅವಳು ನೀರು ಕುಡಿದಿಟ್ಟ ಜಾಗ. ಆದರೂ ಭಾನುವಾರ ಮಧ್ಯಾಹ್ನ ಕೆಂಪಸಿದ್ದಯ್ಯನ ಬಸ್ಸು ಹತ್ತಿದೆ. ಹೊಂಬಾಳಮ್ಮ, ಮುದ್ದಮ್ಮ ಮೊದಲೇ ಹತ್ತಿ ಕುಳಿತಿದ್ದರು.

"ಎಮ್ಮೆ ಕರೆಯೋರು ಯಾರಮ್ಮ?" ಎಂದೆ.

"ಸೊಸೆ ಅವ್ಳೆ. ಒಂದಿನ ಅವ್ಳೂ ಒದೆ ತಿನ್ಲಿ ಬುಡಿ."

ಕೆಂಪಸಿದ್ದಯ್ಯ ಟಿಕೆಟ್ಟು ಹರಿಯುತ್ತಾ ಬಂದ. ಎಲ್ಲಿಗೆಂದು ಕೇಳಿದ. ಹೊಂಬಾಳಮ್ಮ ಹೇಳಿದಳು. ಅವನು, "ಅಯ್ನೋರೂ ಪಿಚ್ಚರ್ಗಾ?" ಎಂದು ನನ್ನನ್ನೊಮ್ಮೆ ನೋಡಿ, "ಅಂಗಾರೆ ನಾನೂ ಬತ್ತೀನಿ. ನನ್ನ ಕೊನೇ ಟ್ರಿಪ್ಪು ಒಂಬತ್ಗೆ," ಎಂದ.

ಮಳವಳ್ಳಿಯ ಟೆಂಟು ತುಂಬಿತ್ತು. ಚಿತ್ರ ನಡೆಯುವಾಗ ನನ್ನ ಗಮನ ಎರಡು ಕಡೆ ಹರಿಯುತ್ತಿತ್ತು. ಪರದೆಯ ಮೇಲೆ ಅಣ್ಣ ತಂಗಿ. ಮನಸ್ಸಿನೊಳಗೆ, ಈ ಐನೂರು ಜನರನ್ನು ಎರಡು ನಿಮಿಷ ಕೂರಿಸುವುದು ಹೇಗೆ ಎಂಬುದು. ಕೊನೆಯ ಬಿಡುವು ಬಂತು. ದೀಪ ಹತ್ತಿತು. ಬೋರಯ್ಯ ಕೊನೆಯ ರೀಲು ಏರಿಸತೊಡಗಿದ. ನಾನು ಎದ್ದು ಪರದೆಯ ಮುಂದೆ ಹೋಗಿ ನಿಂತು ಕೈಮುಗಿದೆ.

"ಮಹಾಜನರೇ, ನಾನು ಮದ್ದೂರಿನ ಪುರೋಹಿತ ಶ್ಯಾಮಣ್ಣ. ಹರಿಕಥೆಗೆ ಕೂತವರು ಮಂಗಳ ಹಾಡುವ ತನಕ ಏಳುವುದಿಲ್ಲ. ನಡುವೆ ಎದ್ದರೆ ಕೇಳಿದ್ದರ ಫಲ ಸಿಕ್ಕುವುದಿಲ್ಲ. ಇದನ್ನು ನಿಮಗೆ ನಿಮ್ಮ ಹಿರಿಯರೇ ಹೇಳಿಕೊಟ್ಟಿದ್ದಾರೆ. ಇದೂ ಒಂದು ಕಥೆ. ಶುಭಂ ಎಂದು ಬರುವುದೇ ಇದರ ಮಂಗಳ. ಅಲ್ಲಿಯ ತನಕ ದಯವಿಟ್ಟು ಕೂತಿರಿ."

ಹದಿನೈದು ದಿನದ ಹಿಂದೆ ಯಾರಾದರೂ ಈ ಮಾತನ್ನು ಹೇಳಿದ್ದರೆ ನಾನು ಅವರನ್ನು ಗುಡಿಯ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆಯೇ ಎಂದು ಒಂದು ಗಳಿಗೆ ನನ್ನನ್ನೇ ಕೇಳಿಕೊಂಡೆ. ಅಲ್ಲವೆನಿಸಿತು.

ಹಿಂದಿನಿಂದ ಒಬ್ಬ ಕೂಗಿದ: "ಇದ್ಯಾವ್ ಪುರಾಣ ಅಯ್ನೋರೆ? ಬಸ್ಸು ತಪ್ಪೋದ್ರೆ ನೀವು ಎಗಲ್ ಮೇಲೆ ಒತ್ಕೊಂಡ್ ಓಯ್ತೀರಾ?"

ಟೆಂಟೆಲ್ಲ ನಕ್ಕಿತು. ಆಗ ನಡುವಿನಿಂದ ಇನ್ನೊಂದು ಧ್ವನಿ ಬಂತು. "ಲೇ, ಆ ಬಸ್ಸಿನ ಕಂಡಕ್ಟ್ರು ನಾನಿಲ್ಲೇ ಕುಂತಿವ್ನಿ. ನಾನಿಲ್ದೆ ಅದೆಲ್ಲೋದದು? ತೆಪ್ಪಗೆ ಕೂತ್ಕಳ್ಲಾ!"

ಮತ್ತೆ ನಗು. ದೀಪ ಆರಿತು.

ತಂಗಿ ಬಾಗಿಲು ಬಡಿದಳು. ಒಳಗೆ ಅಣ್ಣ ಎರಡು ತಟ್ಟೆಗಳ ಮುಂದೆ ಕುಳಿತಿದ್ದ. ಅವಳು ಹಿಂತಿರುಗಿದಳು, ದೋಣಿ ಹತ್ತಿದಳು. ಅಲ್ಲಲ್ಲಿ ಒಂದಿಬ್ಬರು ಅಭ್ಯಾಸಬಲದಿಂದ ಏಳಲು ಹೋದರು. ಪಕ್ಕದವರು ಎಳೆದು ಕೂರಿಸಿದರು. ಅಣ್ಣ ದಡಕ್ಕೆ ಓಡಿ ಬಂದ. ದೋಣಿ ದೂರವಾಗುತ್ತಿತ್ತು. ಅವಳ ಬೆನ್ನು ಕಾಣುತ್ತಿತ್ತು. ಅವಳು ತಿರುಗಲಿಲ್ಲ. ದೋಣಿ ಇನ್ನೂ ದೂರ ಹೋಯಿತು. ಪರದೆಯ ತುಂಬ ಗೀರುಗಳು, ಮಳೆ ಸುರಿದ ಹಾಗೆ. ಆಗ ಅವಳ ಬಲಗೈ ಮೆಲ್ಲಗೆ ದೋಣಿಯ ಅಂಚು ದಾಟಿ ಕೆಳಗಿಳಿದು ನೀರು ಮುಟ್ಟಿತು. ಬೆರಳು ಗೆರೆ ಎಳೆಯತೊಡಗಿತು. ದಡದಲ್ಲಿ ಅಣ್ಣ ಗದರಲು ಬಾಯಿ ತೆರೆದ. ಮಾತು ಬರಲಿಲ್ಲ. ನೀರಿನ ಮೇಲಿನ ಆ ಗೆರೆ ಮಾತ್ರ ಉಳಿಯಿತು. ಶುಭಂ.

ಅದೇ ಕ್ಷಣ ಮಿಷನ್ನಿನೊಳಗೆ ಏನೋ ಹರಿದ ಸದ್ದಾಯಿತು. ಪರದೆ ಬೆಳ್ಳಗಾಯಿತು. ಐನೂರು ಜನ ಕುಳಿತೇ ಇದ್ದರು.

ಮೊದಲು ಮಾತಾಡಿದ್ದು ಹೊಂಬಾಳಮ್ಮ. "ಬಯ್ಯಲಿ ಅಂತ ಕನ್ರಪ್ಪ. ಅಣ್ಣ ಬಯ್ಯಲಿ ಅಂತ ಕೈ ಬುಟ್ಟವ್ಳೆ."

"ಅಲ್ಲ ಕಣಮ್ಮ," ಎಂದಳು ಮುದ್ದಮ್ಮ, ಮೂಗು ಒರೆಸಿಕೊಳ್ಳುತ್ತಾ. "ಇನ್ ನೀನು ಬಯ್ಯಂಗಿಲ್ಲ ಅಂತ ಬುಟ್ಟವ್ಳೆ."

ಇಬ್ಬರೂ ನನ್ನ ಕಡೆ ತಿರುಗಿದರು. ಅರ್ಥ ಹೇಳುವುದು ನನ್ನ ಕಸುಬು. ಆದರೆ ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದದ್ದು ಒಂದು ಪ್ರಶ್ನೆ.

"ಅವನು ಬಂದಿದ್ದಾನೆ ಎಂದು ಅವಳಿಗೆ ತಿರುಗದೆಯೇ ಹೇಗೆ ಗೊತ್ತಾಯಿತು?"

ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡಳು. "ಅಮ್ಮೋರ್ ಕೇಳ್ದಂಗೇ ಕೇಳುದ್ರಿ," ಎಂದಳು. ಆಮೇಲೆ ಇಬ್ಬರೂ ಅದನ್ನೇ ಚರ್ಚಿಸುತ್ತಾ ಕೆಂಪಸಿದ್ದಯ್ಯನ ಹಿಂದೆ ಬಸ್ಸಿನ ಕಡೆಗೆ ಹೋದರು. ಬಸ್ಸಿನೊಳಗಿನಿಂದಲೂ ಅವರ ವಾದ ಕೇಳಿಸುತ್ತಿತ್ತು.

ನಾನು ಕಸ್ತೂರಿರಂಗನ ಮನೆಗೆ ನಡೆದೆ. ರಾತ್ರಿ ಬರುತ್ತೇನೆಂದು ಸಂಜೆಯೇ ಹೇಳಿಕಳಿಸಿದ್ದೆ; ಅವನು ಬಾಗಿಲಲ್ಲಿ ಕಾಯುತ್ತಿದ್ದ. "ಭಾವ, ಎಲ್ಲಿಗೆ ಹೋಗಿದ್ದಿರಿ?" ಎಂದ. "ನಿಮ್ಮಕ್ಕ ತೋರಿಸಬೇಕೆಂದಿದ್ದ ಒಂದು ಚಿತ್ರ ನೋಡಿ ಬಂದೆ," ಎಂದೆ. ಅವನು ನಡುಮನೆಯಲ್ಲಿ ಚಾಪೆ ಹಾಸಿಕೊಟ್ಟ. ನಿದ್ದೆ ಬರುವುದಿಲ್ಲವೆಂದುಕೊಂಡಿದ್ದೆ, ಬಂತು.

ಆ ಕೊನೆಯಲ್ಲಿ ಅವಳು ಕಂಡದ್ದು ಏನೆಂದು ನನಗೆ ಪೂರ್ತಿ ತಿಳಿಯಿತೆಂದು ಹೇಳಲಾರೆ. ನಾನು ಕಂಡದ್ದು ನನ್ನದು. ನನ್ನನ್ನು ಕರೆಯಬೇಕೆಂದುಕೊಂಡವಳು ಏಕೆ ಕರೆಯಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಲಿಲ್ಲ. ಭಯವೋ, ಇದೊಂದು ತನ್ನದೇ ಆಗಿರಲಿ ಎಂಬ ಆಸೆಯೋ, ಇಲ್ಲ ನಾಳೆ ಕೇಳಿದರಾಯಿತೆಂದು ಮುಂದೂಡುವ ನಮ್ಮೆಲ್ಲರ ಗುಣವೋ. ಅವಳ ಜೊತೆಯಲ್ಲಿ ಕುಳಿತು ನೋಡುವ ಭಾಗ್ಯವನ್ನು ನಾನು ಕಳೆದುಕೊಂಡೆ. ಅವಳು ತೋರಿಸಬೇಕೆಂದದ್ದನ್ನು ಮಾತ್ರ ಕಳೆದುಕೊಳ್ಳಲಿಲ್ಲ.

ಬೆಳಗ್ಗೆ ಬಾವಿಯ ಬಳಿ ಸ್ನಾನ ಮಾಡಿ, ಆ ನಡುಮನೆಯಲ್ಲೇ ಪೂರ್ವಕ್ಕೆ ಮುಖಮಾಡಿ ಕುಳಿತು ಕೈಜೋಡಿಸಿದೆ. ಸಂಸ್ಕೃತದಲ್ಲಿ ಹೇಳಬೇಕಾದದ್ದನ್ನೆಲ್ಲ ಹದಿಮೂರು ದಿನ ಹೇಳಿಯಾಗಿತ್ತು. ಆದ್ದರಿಂದ ನಮ್ಮ ಮಾತಿನಲ್ಲೇ ಹೇಳಿದೆ:

ಸ್ವಾಮಿ ನರಸಿಂಹ, ರಂಗನಾಯಕಿಯನ್ನು ನಿನ್ನ ಪಾದದ ಬಳಿ ಕೂರಿಸಿಕೊ. ಅವಳು ಹೆಚ್ಚು ಮಾತಾಡುವವಳಲ್ಲವೆಂದು ನಾನು ಮೋಸಹೋದೆ, ನೀನು ಮೋಸಹೋಗಬೇಡ. ಅವಳು ಏನಾದರೂ ಕೇಳಿದರೆ ಬೇಸರಪಡದೆ ಕೇಳಿಸಿಕೊ. ನಾನು ಕೇಳಿಸಿಕೊಳ್ಳದೆ ಬಿಟ್ಟದ್ದರ ದೋಷ ನನಗಿರಲಿ, ಅದರ ನೋವು ಅವಳನ್ನು ಹಿಂಬಾಲಿಸದಿರಲಿ. ದಣಿದಿದ್ದಳು, ವಿಶ್ರಾಂತಿ ಕೊಡು. ಅವಳ ಜೀವ ನಿನ್ನಲ್ಲಿ ತಂಪಾಗಿರಲಿ, ತಂದೆ.